ಅಪ್ಪನ ಎರಡು ಸೆಲ್ಲಿನ ಬ್ಯಾಟರಿಗೆ ಎಲ್‌ಇಡಿ ಹಾಕಿದೆ, ನೋಡಿ ಹೇಳಿ

ತೋಟದಾಚೆ ಮನೆ: ನಮ್ಮಪ್ಪನ ಹಿತ್ತಾಳೆ ಬ್ಯಾಟರಿ ಇದು. ನಾನು ಹುಟ್ಟೋಕೆ ಮುಂಚಿನದು. ಮೇಲಿನ ಬಿಳಿ ಪಾಲಿಶ್ ಎದ್ದು ಹೋಗಿ, ಹೆಬ್ಬೆರಳು ಕೂರುವ ಕಡೆ ಹಳದಿ ಮಿಂಚುತ್ತಿದೆ. ಬಲ್ಬ್ ಹೋದ ಮೇಲೆ ಅಟ್ಟ ಸೇರಿತ್ತು. ರಾತ್ರಿ ತ್ರೀಫೇಸ್ ಬಂದಾಗ ಮೋಟಾರ್ ಹಾಕಲು ಅಡಿಕೆ ತೋಟ ದಾಟಬೇಕು. ಪ್ಲಾಸ್ಟಿಕ್ ಲೈಟುಗಳು ಒಂದು ಮಳೆಗಾಲ ಬಾಳಿದರೆ ಪುಣ್ಯ. ಅದಕ್ಕೇ ಇದನ್ನೇ ಬಿಚ್ಚಿದೆ.

ಎರಡು ದೊಡ್ಡ ಸೆಲ್ ಇದ್ದ ಜಾಗಕ್ಕೆ 25 ಎಂಎಂ ಪಿವಿಸಿ ಪೈಪಿನ ತುಂಡು, ಅದರೊಳಗೆ ಒಂದು 18650 ಲಿಥಿಯಂ ಸೆಲ್. ದೊಡ್ಡ ಸೆಲ್ ಎರಡು ಸೇರಿ ಸುಮಾರು 12 ಸೆಂಟಿಮೀಟರ್, ಇದು ಆರೂವರೆ. ಉಳಿದ ಜಾಗದಲ್ಲಿ ಟಿಪಿ4056 ಚಾರ್ಜಿಂಗ್ ಬೋರ್ಡ್ ಕೂರಿಸಿದೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದ 3 ವ್ಯಾಟ್ ಎಲ್‌ಇಡಿ, ಆ ನಕ್ಷತ್ರದ ಆಕಾರದ ಪ್ಲೇಟಿನದು. ಶಾಖ ಎಳೆಯಲಿ ಅಂತ ಅದರ ಹಿಂದೆ ಹಳೇ 20 ಪೈಸೆ ಅಲ್ಯೂಮಿನಿಯಂ ನಾಣ್ಯವನ್ನು ಉಜ್ಜಿ, ಪೇಸ್ಟ್ ಹಚ್ಚಿ ಅಂಟಿಸಿದೆ. ಮಧ್ಯೆ 3.3 ಓಮ್ ರೆಸಿಸ್ಟರ್. ಜಾರುವ ಸ್ವಿಚ್ಚು ಹಳೆಯದೇ.

ಉರಿಯುತ್ತೆ. ಆದರೆ ಕಾಲ ಬುಡದಲ್ಲಿ ಹಗಲು, ಹತ್ತು ಮಾರು ಆಚೆ ಏನೂ ಇಲ್ಲ. ಹಳೇ ಬಲ್ಬಿಗೆ ತೋಟದ ಆ ತುದಿಯ ಬೇಲಿ ಕಾಣುತ್ತಿತ್ತು. ಏನು ತಪ್ಪು ಮಾಡಿದೆ?

ಸೋಲ್ಡರ್ ಸೀನ: ರೆಸಿಸ್ಟರ್ ತಪ್ಪು. ಸೆಲ್ ಫುಲ್ ಇದ್ದಾಗ 4.2 ವೋಲ್ಟ್. ಎಲ್‌ಇಡಿಗೆ 3.2 ಹೋಯಿತು ಅಂದುಕೊಳ್ಳಿ. ಉಳಿದ ಒಂದು ವೋಲ್ಟ್‌ಗೆ 3.3 ಓಮ್, ಅಂದರೆ 300 ಮಿಲಿಆಂಪ್. ಸೆಲ್ 3.7ಕ್ಕೆ ಇಳಿದರೆ 150. ಅಂಗಳ ಇಳಿಯುವಾಗ ಸೂರ್ಯ, ಮೋಟಾರ್ ಮನೆ ಮುಟ್ಟುವಾಗ ಮಿಣುಕು ಹುಳ. ಎಎಂಸಿ7135 ಅಂತ ಪುಟ್ಟ ಚಿಪ್ ಸಿಗುತ್ತೆ, 350 ಮಿಲಿಆಂಪ್ ಒಂದೇ ಸಮ ಬಿಡುತ್ತೆ. ಅದನ್ನು ಹಾಕಿ.

ಸರಿಪದ: ಮೊದಲು ಶೀರ್ಷಿಕೆ ಸರಿ ಮಾಡಿ. ನೀವು ಎಲ್‌ಇಡಿ ಹಾಕಿದ್ದು ಟಾರ್ಚಿಗೆ. ಬ್ಯಾಟರಿ ಅಂದರೆ ಒಳಗಿರುವುದು. ಬ್ಯಾಟರಿಗೆ ಯಾರಪ್ಪ ಎಲ್‌ಇಡಿ ಹಾಕ್ತಾರೆ ಅಂತ ನೋಡಲು ಬಂದೆ.

ಗದಗಿನ ಗಾಳಿ: ಒಳಗಿರುವುದು ಸೆಲ್ ರೀ. ಹೊರಗಿಂದು ಬ್ಯಾಟರಿ. ಎರಡು ಸೆಲ್ಲಿನ ಬ್ಯಾಟರಿ, ಮೂರು ಸೆಲ್ಲಿನ ಬ್ಯಾಟರಿ ಅಂತ ಅಂಗಡಿಯವನಿಗೆ ಕೇಳಿದರೆ ಅವನಿಗೆ ಗೊತ್ತಾಗುತ್ತೆ. ನಿಮಗೊಬ್ಬರಿಗೇ ಗೊತ್ತಾಗಲಿಲ್ಲ.

ಸುಮ್ನಿರಿ ಸ್ವಲ್ಪ: ಹೆಸರು ಆಮೇಲೆ. ಆ 18650 ಎಲ್ಲಿಂದ ಬಂತು? ಹಳೇ ಲ್ಯಾಪ್‌ಟಾಪ್ ಪ್ಯಾಕ್ ಒಡೆದು ತೆಗೆದದ್ದಾ? ಹಿತ್ತಾಳೆ ಕೊಳವೆ, ಎರಡೂ ಕಡೆ ಬಿಗಿ ಮುಚ್ಚಳ. ಒಳಗೆ ಸೆಲ್ ಗ್ಯಾಸ್ ಬಿಟ್ಟರೆ ಹೋಗಲು ದಾರಿ ಎಲ್ಲಿದೆ? ಕೈಯಲ್ಲಿ ಬಾಂಬ್ ಹಿಡಿದುಕೊಂಡು ತೋಟಕ್ಕೆ ಹೋಗ್ತಿದ್ದೀರಿ.

ತೋಟದಾಚೆ ಮನೆ: ಹೌದು, ಲ್ಯಾಪ್‌ಟಾಪಿನದೇ. ಆರರಲ್ಲಿ ನಾಲ್ಕು ಚೆನ್ನಾಗಿದ್ದವು. ಬೋರ್ಡಿನಲ್ಲೇ ಪ್ರೊಟೆಕ್ಷನ್ ಇದೆ.

ಸುಮ್ನಿರಿ ಸ್ವಲ್ಪ: "ಚೆನ್ನಾಗಿದ್ದವು" ಅಂದರೆ? ಮುಟ್ಟಿ ನೋಡಿದ್ರಾ?

ತೋಟದಾಚೆ ಮನೆ: ಮೀಟರ್ ಇಟ್ಟು ನೋಡಿದೆ ಸರ್. ಚಾರ್ಜ್ ಮಾಡಿ ವಾರ ಬಿಟ್ಟು ಮತ್ತೆ ನೋಡಿದೆ. 4.1ರಲ್ಲೇ ನಿಂತಿತ್ತು. ಬಿಸಿ ಆದ ಎರಡನ್ನು ಬೇರೆ ಇಟ್ಟೆ.

ಸೋಲ್ಡರ್ ಸೀನ: ನಾನು ಮೂರು ವರ್ಷದಿಂದ ಇಂಥದೇ ಸೆಲ್ ಬಳಸ್ತಿದ್ದೇನೆ. ಏನೂ ಆಗಿಲ್ಲ.

ಸುಮ್ನಿರಿ ಸ್ವಲ್ಪ: ಹೆಲ್ಮೆಟ್ ಇಲ್ಲದೆ ಮೂರು ವರ್ಷ ಓಡಿಸಿದವರೂ ಇದನ್ನೇ ಹೇಳೋದು.

ಸರಿಪದ: ಗದಗಿನವರೇ, ಅಂಗಡಿಯವನು ಪ್ರಮಾಣ ಅಲ್ಲ. ಬ್ಯಾಟರಿ ಅನ್ನೋ ಪದವನ್ನು ವಿದ್ಯುತ್ತಿಗೆ ತಂದವನು ಬೆಂಜಮಿನ್ ಫ್ರಾಂಕ್ಲಿನ್, 1749ರಲ್ಲಿ. ಫಿರಂಗಿಗಳ ಸಾಲಿಗೆ ಸೈನ್ಯದಲ್ಲಿ ಬ್ಯಾಟರಿ ಅಂತಿದ್ದರು. ಅವನು ವಿದ್ಯುತ್ ಹಿಡಿದಿಡುವ ಲೇಡನ್ ಜಾಡಿಗಳನ್ನು ಸಾಲಾಗಿ ಜೋಡಿಸಿ ಅದೇ ಹೆಸರಿಟ್ಟ. ಬೆಳಕಿಗೂ ಅದಕ್ಕೂ ಸಂಬಂಧ ಇಲ್ಲ.

ಗದಗಿನ ಗಾಳಿ: "ಸಾಲಾಗಿ ಜೋಡಿಸಿ". ನೀವೇ ಬರೆದಿರಿ, ನಾನಲ್ಲ. ಎರಡು ಸೆಲ್ ಸಾಲಾಗಿ ಹಾಕ್ತೀವಲ್ಲ, ಅದಕ್ಕೇ ಬ್ಯಾಟರಿ. ಫ್ರಾಂಕ್ಲಿನ್ ನಮ್ಮ ಕಡೆಯವನೇ ಅಂದಂಗಾಯಿತು.

ಘಟ್ಟದ ಕೆಳಗೆ: ನಾಣ್ಯ ಯಾಕೆ ಹಾಕಿದ್ರಿ ಅಂತ ಅರ್ಥ ಆಗಲಿಲ್ಲ. ಎಲ್‌ಇಡಿ ಬಿಸಿ ಆಗಲ್ಲ, ಅದಕ್ಕೇ ಅಲ್ವಾ ಎಲ್‌ಇಡಿ?

ಸೋಲ್ಡರ್ ಸೀನ: ಬೆಳಕಲ್ಲಿ ಬಿಸಿ ಇಲ್ಲ, ಬೆನ್ನಲ್ಲಿ ಇದೆ. ಹಳೇ ಬಲ್ಬ್ ಶಾಖವನ್ನೂ ಮುಂದಕ್ಕೇ ಉಗುಳುತ್ತಿತ್ತು. ಎಲ್‌ಇಡಿ ಹಾಗೆ ಮಾಡಲ್ಲ. ಹಿಂದಿನಿಂದ ಎಳೆದುಕೊಳ್ಳದಿದ್ದರೆ ಸುಟ್ಟು ಹೋಗುತ್ತೆ. ಪ್ಲಾಸ್ಟಿಕ್ ಮೈಯಲ್ಲಿ 3 ವ್ಯಾಟ್ ಹಾಕಬಾರದು ಅನ್ನೋದೂ ಅದಕ್ಕೇ. ಇವರದು ಹಿತ್ತಾಳೆ, ಆ ನಾಣ್ಯ ಮೈಗೆ ತಾಗಿದ್ದರೆ ಸಾಕು.

ಘಟ್ಟದ ಕೆಳಗೆ: ನಮ್ಮ ಮನೆಯ ಎಲ್‌ಇಡಿ ಬಲ್ಬ್ ಮುಟ್ಟಿದರೆ ತಣ್ಣಗೇ ಇರುತ್ತೆ.

ಸೋಲ್ಡರ್ ಸೀನ: ಗಾಜಿನ ಕಡೆ ಮುಟ್ಟಿದ್ದೀರಿ. ಬುಡ ಮುಟ್ಟಿ.

ಸರಿಪದ: ಗದಗಿನವರಿಗೆ: ಈಗ ಇದರಲ್ಲಿ ಇರುವುದು ಒಂದೇ ಸೆಲ್. ನಿಮ್ಮ ಲೆಕ್ಕದಲ್ಲೇ ಇದು ಇನ್ನು ಮೇಲೆ ಬ್ಯಾಟರಿ ಅಲ್ಲ. ಶೀರ್ಷಿಕೆ ಎರಡು ಪಟ್ಟು ತಪ್ಪಾಯಿತು.

ಗದಗಿನ ಗಾಳಿ: ನಿಮ್ಮ ಮೊಬೈಲಿನ ಒಳಗಿರುವುದೂ ಒಂದೇ ಸೆಲ್. "ಸೆಲ್ ಡೌನ್ ಆಯಿತು, ಆಮೇಲೆ ಮಾತಾಡ್ತೀನಿ" ಅಂತೀರಾ, "ಬ್ಯಾಟರಿ ಡೌನ್" ಅಂತೀರಾ? ಎದೆ ಮುಟ್ಟಿಕೊಂಡು ಹೇಳಿ.

ಸರಿಪದ: ಮೊಬೈಲಿನ ವಿಷಯ ಬೇರೆ.

ಗದಗಿನ ಗಾಳಿ: ಹೆಂಗ್ ಬೇರೆ?

ಘಟ್ಟದ ಕೆಳಗೆ: ಟಾರ್ಚ್ ಅಂದರೆ ಪಂಜು ಅಲ್ವಾ? ಯಕ್ಷಗಾನಕ್ಕೆ ಕರೆಂಟು ಬರುವ ಮುಂಚೆ ಹಿಡೀತಿದ್ದರಲ್ಲ, ದೊಂದಿ, ಅದು. ಅಮೆರಿಕದವರು ಇದಕ್ಕೆ ಫ್ಲ್ಯಾಶ್‌ಲೈಟ್ ಅಂತಾರೆ. ಮೊದಮೊದಲು ಸೆಲ್ಲಿನಲ್ಲಿ ಶಕ್ತಿ ಸಾಲದೆ ಫಕ್ ಅಂತ ಮಿಂಚಿ ಆರಿಸಬೇಕಿತ್ತು, ಅದಕ್ಕೆ ಆ ಹೆಸರು. ಹಾಗೆ ನೋಡಿದರೆ ಟಾರ್ಚ್ ಅನ್ನೋದೂ ತಪ್ಪೇ.

ಸರಿಪದ: ಪದ ಒಪ್ಪಲ್ಲ ಅನ್ನೋದಾದರೆ ಕೈದೀಪ ಅನ್ನಿ. ಚೆಂದದ ಕನ್ನಡ.

ಗದಗಿನ ಗಾಳಿ: "ಲೇ ತಮ್ಮಾ, ಕೈದೀಪ ಕೊಡು, ಹಾವು ಐತಿ" ಅಂದರೆ ಅವನು ದೇವರ ಮನೆಗೆ ಹೋಗ್ತಾನೆ. ಅಷ್ಟರಲ್ಲಿ ಹಾವು ಕಚ್ಚಿರುತ್ತೆ.

ಸರಿಪದ: ನಿಮ್ಮಂಥವರಿಂದಲೇ ಭಾಷೆ ಈ ಗತಿಗೆ ಬಂದಿರೋದು. ಯಾರು ಹೇಗೆ ಬೇಕಾದರೂ ಅನ್ನಬಹುದು ಅನ್ನೋದಾದರೆ ನಿಘಂಟು ಯಾಕೆ?

ಗದಗಿನ ಗಾಳಿ: ಇಷ್ಟೊತ್ತು ಟಾರ್ಚ್ ಟಾರ್ಚ್ ಅಂತಿದ್ದವರು ಈಗ ಕನ್ನಡದ ಬಗ್ಗೆ ಪಾಠ ಹೇಳ್ತೀರಾ? ನಮ್ಮಜ್ಜಿ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಅವಳು ಬ್ಯಾಟರಿ ಅಂದಳು. ಇಡೀ ಊರು ಅಂದಿತು. ಊರು ಅಂದದ್ದನ್ನು ನಿಘಂಟು ಬರೆದುಕೊಳ್ಳಬೇಕು, ನಿಘಂಟು ನೋಡಿ ಊರು ಮಾತಾಡಲ್ಲ. ಮೊಬೈಲಿಗೆ ಇನ್ನೂ ಉತ್ತರ ಬಂದಿಲ್ಲ.

ಸುಮ್ನಿರಿ ಸ್ವಲ್ಪ: ಇಲ್ಲಿ ಒಬ್ಬರು ಹಳೇ ಸೆಲ್ಲಿಗೆ ಒಂದು ಆಂಪ್ ತುಂಬುತ್ತಿದ್ದಾರೆ, ನೀವು ಅಜ್ಜಿ ಕಥೆ ಹೇಳ್ತಿದ್ದೀರಿ. ಆ ಟಿಪಿ4056 ಬೋರ್ಡಿನಲ್ಲಿ 1.2 ಕೆ (ಕಿಲೋ ಓಮ್) ರೆಸಿಸ್ಟರ್ ಇರುತ್ತೆ, ಅದಕ್ಕೆ ಒಂದು ಆಂಪ್. ತೆಗೆದು 2.4 ಕೆ ಹಾಕಿದರೆ ಅರ್ಧ ಆಂಪ್‌ಗೆ ಇಳಿಯುತ್ತೆ. ಅಷ್ಟನ್ನಾದರೂ ಮಾಡಿ.

ಸೋಲ್ಡರ್ ಸೀನ: ಅಂದರೆ ಲ್ಯಾಪ್‌ಟಾಪ್ ಸೆಲ್ ಬಳಸಬಹುದು ಅಂತ ಒಪ್ಪಿದಿರಿ. ಸಂತೋಷ.

ಸುಮ್ನಿರಿ ಸ್ವಲ್ಪ: ಒಪ್ಪಿಲ್ಲ. ಸಾಯೋದಾದರೆ ನಿಧಾನವಾಗಿ ಸಾಯಿರಿ ಅಂದೆ.

ಸರಿಪದ: ಇನ್ನೊಂದು ವಿಷಯ. ನಾಣ್ಯ ಉಜ್ಜಿ ಹಾಳು ಮಾಡುವುದು ಅಪರಾಧ. 2011ರ ನಾಣ್ಯ ಕಾಯ್ದೆ ನೋಡಿ.

ಸೋಲ್ಡರ್ ಸೀನ: ಅದೇ ಕಾಯ್ದೆಯಲ್ಲಿ ನಾಣ್ಯ ಅಂದರೆ ಏನು ಅಂತಲೂ ಬರೆದಿದೆ. ಚಲಾವಣೆಯಲ್ಲಿ ಇರುವುದು ಮಾತ್ರ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನದೆಲ್ಲ 2011ರ ಜೂನ್ 30ಕ್ಕೇ ನಿಂತು ಹೋಗಿದೆ. ಅದು ಈಗ ಬರೀ ಅಲ್ಯೂಮಿನಿಯಂ.

ಸರಿಪದ: ನಾನು ನೈತಿಕವಾಗಿ ಹೇಳಿದ್ದು.

ಘಟ್ಟದ ಕೆಳಗೆ: 😂

ತೋಟದಾಚೆ ಮನೆ: ಎಲ್ಲರಿಗೂ ಒಂದು ನಮಸ್ಕಾರ. ನಾನು ಕೇಳಿದ್ದು ಬೆಳಕು ದೂರ ಯಾಕೆ ಹೋಗಲ್ಲ ಅಂತ. ಸೀನ ಅವರು ಹೇಳಿದ ಚಿಪ್ ಕೊರಿಯರ್‌ನಲ್ಲಿ ತರಿಸಿ ಹಾಕಿದೆ. ಬೆಳಕು ಮೊದಲಿನಿಂದ ಕೊನೆವರೆಗೆ ಒಂದೇ ಸಮ ಇದೆ. ಬೇಲಿ ಮಾತ್ರ ಇನ್ನೂ ಕಾಣಲ್ಲ.

ಸೋಲ್ಡರ್ ಸೀನ: ಒಂದೇ ಸಮ ಇದೆ ಅಂದಿರಲ್ಲ. ನಾನು ಹೇಳಿದ್ದು ಅದನ್ನೇ.

ಗಡಿಯಾರ ರಿಪೇರಿ: ಮೇಲಿಂದ ಕೆಳಗೆ ಓದಿದೆ. ಒಬ್ಬರೂ ರಿಫ್ಲೆಕ್ಟರ್, ಅಂದರೆ ಬಲ್ಬಿನ ಸುತ್ತಲಿನ ಹೊಳೆಯುವ ಬಟ್ಟಲಿನ ಹೆಸರೇ ಎತ್ತಿಲ್ಲ. ಹಳೇ ಬಲ್ಬು ಬಟ್ಟಲಿನ ನಡುವಿನ ತೂತಿನಿಂದ ಮುಂದಕ್ಕೆ ಚಾಚಿಕೊಂಡು, ಅದರ ತಂತಿ ಬಟ್ಟಲಿನ ನಾಭಿಯಲ್ಲಿ ಕೂರುತ್ತಿತ್ತು. ಸುತ್ತಲೂ ಬೆಳಗುತ್ತಿತ್ತು, ಬಟ್ಟಲು ಅದನ್ನೆಲ್ಲ ಒಟ್ಟುಗೂಡಿಸಿ ಮುಂದಕ್ಕೆ ಎಸೆಯುತ್ತಿತ್ತು. ಈಗ ನಿಮ್ಮ ನಕ್ಷತ್ರದ ಪ್ಲೇಟ್ 20 ಎಂಎಂ. ಆ ತೂತಿನೊಳಗೆ ಹೋಗಲ್ಲ, ಹಿಂದೆಯೇ ನಿಂತಿದೆ. ಎಲ್‌ಇಡಿ ಬೆಳಕು ಬೀರೋದೂ ಮುಂದಕ್ಕೆ ಮಾತ್ರ, ಸುಮಾರು 120 ಡಿಗ್ರಿ ಅಗಲಕ್ಕೆ. ಹೆಚ್ಚು ಪಾಲು ಬಟ್ಟಲನ್ನು ಮುಟ್ಟದೇ ಹೊರಗೆ ಚೆಲ್ಲಿಹೋಗುತ್ತೆ. ಎಷ್ಟು ಕರೆಂಟ್ ಬಿಟ್ಟರೂ ಅಷ್ಟೇ, ಅಂಗಳ ಬೆಳಗುತ್ತೆ. ಪ್ಲೇಟಿನ ರೆಕ್ಕೆಗಳನ್ನು ಅರದಿಂದ ಉಜ್ಜಿ ತೂತಿನೊಳಗೆ ತೂರಿಸಿ, ಹಿಂದೆ ಇನ್ನೆರಡು ನಾಣ್ಯ ಪೇರಿಸಿ ಮುಂದಕ್ಕೆ ತಳ್ಳಿ. ಇಲ್ಲವಾದರೆ ಈ ಪ್ಲೇಟಿಗೇ ಅಂತ 10 ಡಿಗ್ರಿ ಲೆನ್ಸ್ ಸಿಗುತ್ತೆ, ಬಟ್ಟಲನ್ನು ಕಿತ್ತು ಅದನ್ನು ಹಾಕಿ.

ಸೋಲ್ಡರ್ ಸೀನ: ರೆಕ್ಕೆ ಉಜ್ಜಿದರೆ ಸೋಲ್ಡರ್ ಹಿಡಿಯುವ ಜಾಗ ಹೋಗುತ್ತೆ. ಲೆನ್ಸೇ ಸರಿ. ನಾನೂ ಅದನ್ನೇ ಹೇಳೋನಿದ್ದೆ.

ಗದಗಿನ ಗಾಳಿ: ಬಟ್ಟಲು ಕಿತ್ತರೆ ಅದು ಅಪ್ಪನ ಬ್ಯಾಟರಿ ಆಗಿ ಉಳಿಯಲ್ಲ ನೋಡಿ. ರೆಕ್ಕೆನೇ ಉಜ್ಜಿ.

ಸರಿಪದ: ಟಾರ್ಚ್.

ತೋಟದಾಚೆ ಮನೆ: ರೆಕ್ಕೆ ಉಜ್ಜಿದೆ. ತಂತಿಯನ್ನು ಪಕ್ಕದಿಂದ ಎಳೆಯಬೇಕಾಯಿತು. ನಾಣ್ಯ ಒಟ್ಟು ಮೂರಾಯಿತು, ಕೊನೆಯದನ್ನು ಬಟ್ಟಲಿನ ಹಿಂದಿನ ಕೊಳವೆಯೊಳಗೆ ಇಳಿಯುವಷ್ಟು ಸಣ್ಣ ಮಾಡಿದೆ. ನಿನ್ನೆ ಹನ್ನೊಂದೂವರೆಗೆ ಕರೆಂಟು ಬಂತು. ಅಂಗಳದಿಂದಲೇ ಹಾಯಿಸಿದೆ. ಬೇಲಿ ಕಂಡಿತು, ಅದರಾಚೆ ಪಕ್ಕದ ಮನೆಯವರ ಎಮ್ಮೆಯ ಎರಡು ಕಣ್ಣೂ ಕಂಡಿತು. ಮಧ್ಯೆ ಅಂಗೈ ಅಗಲದ ಕಪ್ಪು ಚುಕ್ಕೆ ಒಂದಿದೆ, ಇರಲಿ. 2.4 ಕೆ ಕೂಡ ಹಾಕಿದೆ, ಚಾರ್ಜಿಗೆ ಇಡುವಾಗ ಅಂಗಳದಲ್ಲೇ ಇಡ್ತೀನಿ. ಅಪ್ಪ ತೆಗೆದುಕೊಂಡು ನೋಡಿದರು. "ತೂಕ ಇಲ್ಲವಲ್ಲೋ, ಸೆಲ್ ಹಾಕಿದ್ದೀಯಾ?" ಅಂದರು.

ಸುಮ್ನಿರಿ ಸ್ವಲ್ಪ: ಮುಚ್ಚಳಕ್ಕೆ ಒಂದು ಸಣ್ಣ ತೂತು ಕೊರೆಯಿರಿ. ಕೊನೆಯ ಸಲ ಹೇಳ್ತಿದ್ದೀನಿ.

ಘಟ್ಟದ ಕೆಳಗೆ: ತೂತು ಕೊರೆದರೆ ಮಳೆನೀರು ಒಳಗೆ ಹೋಗಲ್ವಾ?

ಗದಗಿನ ಗಾಳಿ: ಅಪ್ಪನವರು "ಸೆಲ್" ಅಂದರು. ಓದಿದಿರಾ ಸರಿಪದ ಸಾಹೇಬ್ರೇ?

ಸರಿಪದ: ಓದಿದೆ. ಒಂದೇ ಸೆಲ್ ಇರುವುದರಿಂದ ಸೆಲ್ ಅಂದರು. ಅವರದು ಸರಿಯಾದ ಬಳಕೆ.

ಹಳೇ ಪೈಸೆ: ಆ 20 ಪೈಸೆ ನಾಣ್ಯಗಳು ಯಾವ ಇಸವಿಯವು? ಉಜ್ಜದೇ ಇರೋದು ಇನ್ನೂ ಇದ್ದರೆ ನಾನು ತಗೋತೀನಿ.