ಕ್ರಿಸ್ಮಸ್ ಬೆಳಗಿನ ತಿಂಡಿಗೆ ಸ್ಲೋ ಕುಕ್ಕರಿನಲ್ಲಿ ಮೊಟ್ಟೆಯ ಕ್ಯಾಸರೋಲ್: ರಾತ್ರಿಯಿಡೀ ಇಟ್ಟರೆ ಸೀದುಹೋಗುತ್ತದೆ, ಏನು ಮಾಡಲಿ?

ಮಿನ್ನೆಸೋಟದ ಸೊಸೆ (ಡಿಸೆಂಬರ್ 17)

ಎಲ್ಲರಿಗೂ ನಮಸ್ಕಾರ. ನನ್ನ ಗಂಡನ ಮನೆಯವರು ಮಿನ್ನೆಸೋಟದವರು. ಕ್ರಿಸ್ಮಸ್ ದಿನ ಬೆಳಗ್ಗೆ ಮಕ್ಕಳು ಮರದ ಕೆಳಗಿನ ಉಡುಗೊರೆಗಳನ್ನು ಬಿಚ್ಚುವ ಹೊತ್ತಿನಲ್ಲಿ ಯಾರೂ ಒಲೆಯ ಮುಂದೆ ನಿಂತಿರಬಾರದು ಎಂಬುದು ಆ ಮನೆಯ ಪದ್ಧತಿ. ಹಿಂದಿನ ರಾತ್ರಿಯೇ ಸ್ಲೋ ಕುಕ್ಕರಿನಲ್ಲಿ (ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆ) ಆಲೂಗಡ್ಡೆ, ಸಾಸೇಜ್, ಚೀಸ್ ಇವುಗಳನ್ನು ಪದರ ಪದರವಾಗಿ ಹರಡಿ, ಮೇಲೆ ಮೊಟ್ಟೆ ಸುರಿದು ಇಟ್ಟು ಮಲಗಿದರೆ, ಬೆಳಗ್ಗೆ ಅವರವರೇ ತಟ್ಟೆ ಹಿಡಿದು ಬಂದು ಬಡಿಸಿಕೊಳ್ಳುತ್ತಾರೆ. ಅತ್ತೆಯವರಿಗೆ ಕೈಲಾಗದ ಕಾರಣ ಕಳೆದ ವರ್ಷ ಈ ಕೆಲಸ ನನ್ನ ಪಾಲಿಗೆ ಬಂದಿತು.

ಅಂತರ್ಜಾಲದಲ್ಲಿ ಸಿಕ್ಕಿದ ಒಂದು ವಿಧಾನವನ್ನು ಚಾಚೂ ತಪ್ಪದೆ ಅನುಸರಿಸಿ, ರಾತ್ರಿ ಹತ್ತು ಗಂಟೆಗೆ 12 ಮೊಟ್ಟೆಗಳ ಕ್ಯಾಸರೋಲನ್ನು ‘ಲೋ’ದಲ್ಲಿ, ಅಂದರೆ ಕಡಿಮೆ ಬಿಸಿಯ ಮಟ್ಟದಲ್ಲಿ, 8 ಗಂಟೆ ಹೊತ್ತು ಬೇಯಲು ಇಟ್ಟೆ. ಬೆಳಗ್ಗೆ ಮುಚ್ಚಳ ತೆಗೆದಾಗ ಅಂಚೆಲ್ಲ ಕಪ್ಪಾಗಿ ಪಾತ್ರೆಗೆ ಹತ್ತಿಕೊಂಡಿತ್ತು, ನಡುಭಾಗ ಸ್ಪಂಜಿನಂತಾಗಿ ಸುತ್ತಲೂ ನೀರು ನಿಂತಿತ್ತು, ಸಾಲದ್ದಕ್ಕೆ ಮೊಟ್ಟೆಗೆ ಒಂದು ಬಗೆಯ ಹಸಿರು ಛಾಯೆ ಬಂದಿತ್ತು. ಯಾರೂ ಏನೂ ಅನ್ನಲಿಲ್ಲ. ಮಾವನವರು ಕೆಚಪ್ ಬಾಟಲಿ ಕೇಳಿದಾಗಲೇ ನನಗೆ ವಿಷಯ ತಿಳಿದುಹೋಯಿತು.

ನನ್ನ ಬಳಿ ಇರುವುದು 6 ಕ್ವಾರ್ಟಿನ (ಆರು ಲೀಟರಿಗೆ ಸ್ವಲ್ಪ ಕಡಿಮೆ) ಮೊಟ್ಟೆಯಾಕಾರದ ಕುಕ್ಕರ್. ಈ ಸಲ ತಿಂಡಿಗೆ ಎಂಟು ಜನ ಇರುತ್ತೇವೆ, ಏಳೂವರೆಗೆ ಬಡಿಸಬೇಕು. ಎಷ್ಟು ಹೊತ್ತು ಬೇಯಿಸಬೇಕು, ಯಾವುದನ್ನು ಮುಂಚಿತವಾಗಿ ಮಾಡಿಟ್ಟುಕೊಳ್ಳಬಹುದು ಎಂಬುದನ್ನು ದಯವಿಟ್ಟು ಅನುಭವಸ್ಥರು ತಿಳಿಸಬೇಕು. ಇನ್ನೊಂದು ಮಾತು: ಹಾಸನದಿಂದ ನನ್ನ ಅಮ್ಮ ಬಂದಿದ್ದಾರೆ. ಅವರು ಮೊಟ್ಟೆಯನ್ನೂ ಮಾಂಸವನ್ನೂ ಮುಟ್ಟುವುದಿಲ್ಲ. ಅವರಿಗಾಗಿ ಬೇರೆ ಒಲೆ ಹೂಡದೆ ಏನಾದರೂ ಮಾಡಲು ಸಾಧ್ಯವೇ?

ದಾವಣಗೆರೆ ಟು ಡೆಟ್ರಾಯಿಟ್ (ಡಿಸೆಂಬರ್ 17)

ಸೊಸೆಯವರೇ, ತಪ್ಪು ನಿಮ್ಮದಲ್ಲ, ಆ ಎಂಟು ಗಂಟೆಯ ಲೆಕ್ಕದ್ದು. ನಮ್ಮ ಊರಿನ ಗಿಣ್ಣನ್ನು ನೆನಪಿಸಿಕೊಳ್ಳಿ. ಹದವಾದ ಹಬೆಯಲ್ಲಿ ಬೆಂದ ಗಿಣ್ಣು ನುಣ್ಣಗೆ ಕಟ್ಟಿಕೊಳ್ಳುತ್ತದೆ. ಮರೆತು ಹೆಚ್ಚು ಹೊತ್ತು ಬಿಟ್ಟರೆ ತೂತು ತೂತಾಗಿ ನೀರು ಬಿಡುತ್ತದೆ. ಮೊಟ್ಟೆ ಮತ್ತು ಹಾಲಿನ ಮಿಶ್ರಣದ ಸ್ವಭಾವವೂ ಅದೇ. ಅದು ಗಟ್ಟಿಯಾಗುವುದು 170ರಿಂದ 180 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿ. ಅದನ್ನು ದಾಟಿ ಬಿಸಿ ಏರುತ್ತಾ ಹೋದರೆ ಪ್ರೋಟೀನಿನ ಜಾಲ ಬಿಗಿದುಕೊಂಡು, ತಾನು ಹಿಡಿದಿಟ್ಟಿದ್ದ ನೀರನ್ನೆಲ್ಲ ಹಿಂಡಿ ಹೊರಹಾಕುತ್ತದೆ. ಹಸಿರು ಛಾಯೆಗೆ ಕಾರಣ ಹಳದಿಯಲ್ಲಿರುವ ಕಬ್ಬಿಣವೂ ಬಿಳಿಯಲ್ಲಿರುವ ಗಂಧಕವೂ ಹೆಚ್ಚು ಹೊತ್ತಿನ ಬಿಸಿಗೆ ಸೇರಿಕೊಳ್ಳುವುದು. ಅದರಿಂದ ಅಪಾಯವೇನೂ ಇಲ್ಲ, ನೋಡಲು ಮಾತ್ರ ಚೆನ್ನಾಗಿರುವುದಿಲ್ಲ.

‘ಲೋ’ ಎಂದ ಮಾತ್ರಕ್ಕೆ ಪಾತ್ರೆ ಸದಾ ಕಡಿಮೆ ಬಿಸಿಯಲ್ಲೇ ಇರುತ್ತದೆ ಎಂದು ನಾವು ತಿಳಿಯುತ್ತೇವೆ. ಅನೇಕ ಕುಕ್ಕರುಗಳಲ್ಲಿ ‘ಲೋ’ ಮತ್ತು ‘ಹೈ’ ಎರಡೂ ಕೊನೆಗೆ ಮುಟ್ಟುವುದು ಕುದಿಯುವುದಕ್ಕೆ ಸ್ವಲ್ಪ ಕೆಳಗಿನ ಒಂದೇ ಮಟ್ಟವನ್ನು. ಒಂದು ಬೇಗ ಮುಟ್ಟುತ್ತದೆ, ಇನ್ನೊಂದು ನಿಧಾನವಾಗಿ, ಅಷ್ಟೇ ವ್ಯತ್ಯಾಸ. ಆದ್ದರಿಂದ ಹಬ್ಬಕ್ಕೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮ ಕುಕ್ಕರನ್ನು ಪರೀಕ್ಷಿಸಿ. ಅರ್ಧದಷ್ಟು ತಣ್ಣೀರು ತುಂಬಿಸಿ, ಮುಚ್ಚಳ ಹಾಕಿ, ‘ಲೋ’ದಲ್ಲಿ 8 ಗಂಟೆ ಇಟ್ಟು, ಮುಚ್ಚಳ ತೆಗೆದ ತಕ್ಷಣ ಥರ್ಮಾಮೀಟರ್ ಅದ್ದಿ ನೋಡಿ. 185ರಿಂದ 200 ಡಿಗ್ರಿ ಬಂದರೆ ಸರಿ. 200 ದಾಟಿದರೆ ನಿಮ್ಮ ಕುಕ್ಕರ್ ಬಿಸಿ ಹೆಚ್ಚಿನದು, ಪುಸ್ತಕದ ಹೊತ್ತನ್ನು ನಂಬುವಂತಿಲ್ಲ. 185 ಕೂಡ ಬಾರದಿದ್ದರೆ ಅಂತಹ ಕುಕ್ಕರಿನಲ್ಲಿ ಮಾಂಸ, ಮೊಟ್ಟೆ ಬೇಯಿಸಲೇಬಾರದು.

ಎಂಟು ಜನರಿಗೆ ನಾನು ಬಳಸುವ ಅಳತೆ ಇಲ್ಲಿದೆ: ತುರಿದ ಹ್ಯಾಶ್ ಬ್ರೌನ್ ಆಲೂಗಡ್ಡೆಯ 30 ಔನ್ಸಿನ ಒಂದು ಚೀಲ, 12 ಮೊಟ್ಟೆ, 1 ಕಪ್ ಗಟ್ಟಿ ಹಾಲು, 2 ಕಪ್ ತುರಿದ ಚೆಡ್ಡಾರ್, 1 ಪೌಂಡ್ ಸಾಸೇಜ್, ಒಂದು ದೊಡ್ಡ ಈರುಳ್ಳಿ, ಎರಡು ದಪ್ಪ ಮೆಣಸಿನಕಾಯಿ, ಅರ್ಧ ಚಮಚ ಸಾಸಿವೆ ಪುಡಿ ಮತ್ತು ಕಾಳುಮೆಣಸು. ಸಾಸೇಜಿನಲ್ಲೂ ಚೀಸಿನಲ್ಲೂ ಉಪ್ಪಿರುವುದರಿಂದ ಮುಕ್ಕಾಲು ಚಮಚಕ್ಕಿಂತ ಹೆಚ್ಚು ಉಪ್ಪು ಬೇಡ. ಆಲೂಗಡ್ಡೆಯನ್ನು ಹಿಂದಿನ ದಿನವೇ ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಿ, ಕರಗಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ಚೆನ್ನಾಗಿ ಹಿಂಡಬೇಕು. ನಿಮ್ಮ ಕ್ಯಾಸರೋಲಿನಲ್ಲಿ ನಿಂತಿದ್ದ ನೀರಿನಲ್ಲಿ ಅರ್ಧ ಭಾಗ ಇದರದ್ದೇ ಎಂದು ನನ್ನ ಅನುಮಾನ. ಸಾಸೇಜನ್ನು ಬಾಣಲೆಯಲ್ಲಿ ಪುಡಿ ಮಾಡುತ್ತಾ ಪೂರ್ತಿ ಬೇಯಿಸಿ, ಕೊಬ್ಬನ್ನು ಬಸಿದು, ಅದೇ ಬಾಣಲೆಯಲ್ಲಿ ಈರುಳ್ಳಿ, ಮೆಣಸಿನಕಾಯಿಗಳನ್ನು ಬಾಡಿಸಿಕೊಳ್ಳಿ. ಅಣಬೆ ಅಥವಾ ಪಾಲಕ್ ಹಾಕುವ ಆಸೆ ಇದ್ದರೆ ಅವನ್ನೂ ನೀರು ಆರುವವರೆಗೆ ಬಾಡಿಸಲೇಬೇಕು.

ಇಷ್ಟನ್ನೂ ಸಂಜೆಯೇ ಮುಗಿಸಿ ಬೇರೆ ಬೇರೆ ಡಬ್ಬಿಗಳಲ್ಲಿ ಫ್ರಿಜ್ಜಿನಲ್ಲಿಡಬಹುದು. ಮೊಟ್ಟೆ, ಹಾಲು ಕಡೆದ ಮಿಶ್ರಣವನ್ನು ಒಂದು ದೊಡ್ಡ ಬಾಟಲಿಯಲ್ಲಿ ತುಂಬಿಡಿ. ಆದರೆ ಕುಕ್ಕರಿನ ಒಳಪಾತ್ರೆಯನ್ನೇ ತುಂಬಿಸಿ ಫ್ರಿಜ್ಜಿನಲ್ಲಿಡಬೇಡಿ. ತಣ್ಣಗಾದ ಆ ದಪ್ಪ ಪಿಂಗಾಣಿ ಬಿಸಿಯಾಗಲು ಬಹಳ ಹೊತ್ತು ಹಿಡಿಯುತ್ತದೆ, ಬಿಸಿ ತಾಗಿ ಸೀಳುವುದೂ ಉಂಟು.

ಇಡುವ ಮುನ್ನ ಪಾತ್ರೆಗೆ ಧಾರಾಳವಾಗಿ ಬೆಣ್ಣೆ ಸವರಿ, ಅಂಚು ಹೆಚ್ಚು ಸೀಯುವ ಕಡೆ ಅಲ್ಯೂಮಿನಿಯಂ ಹಾಳೆಯನ್ನು ಆರು ಪದರವಾಗಿ ಮಡಚಿ ಗೋಡೆಗೆ ಆನಿಸಿ. ‘ಲೋ’ದಲ್ಲಿ 5ರಿಂದ 6 ಗಂಟೆ ಸಾಕು. ನಡುವಿನಲ್ಲಿ ಥರ್ಮಾಮೀಟರ್ 160 ತೋರಿಸದೆ ಮಾತ್ರ ಬಡಿಸಬೇಡಿ.

ಟೆಕ್ಸಸ್ ತುಮಕೂರು (ಡಿಸೆಂಬರ್ 18)

ಇದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂದು ನನ್ನ ಅಭಿಪ್ರಾಯ. ಹಾರ್ಡ್‌ವೇರ್ ಅಂಗಡಿಯಲ್ಲಿ ಹತ್ತು ಡಾಲರಿನ ಆಸುಪಾಸಿಗೆ ಪ್ಲಗ್ಗಿಗೆ ಸಿಕ್ಕಿಸುವ ಟೈಮರ್ ಸಿಗುತ್ತದೆ. ರಾತ್ರಿ ಒಂಬತ್ತಕ್ಕೇ ಎಲ್ಲವನ್ನೂ ಕುಕ್ಕರಿಗೆ ಹಾಕಿ, ಒಂದೂವರೆಗೆ ತಾನಾಗಿ ಶುರುವಾಗುವಂತೆ ಮಾಡಿ ನೆಮ್ಮದಿಯಾಗಿ ಮಲಗಬಹುದು.

ಹಳೇ ಮಡಕೆ (ಡಿಸೆಂಬರ್ 18)

ತುಮಕೂರಿನವರೇ, ಕ್ಷಮಿಸಿ, ಈ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬಾರದು. ಹಸಿ ಮೊಟ್ಟೆ, ಹಾಲು ಸೇರಿದ ಮಿಶ್ರಣ ಕೋಣೆಯ ಉಷ್ಣತೆಯಲ್ಲಿ ನಾಲ್ಕೂವರೆ ಗಂಟೆ ಕೂರುತ್ತದೆ. 40ರಿಂದ 140 ಡಿಗ್ರಿಯ ನಡುವೆ ರೋಗಾಣುಗಳು ಬೇಗ ಬೇಗ ಹೆಚ್ಚುವುದರಿಂದ, ಕೆಡುವ ಪದಾರ್ಥವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು ಎಂದು ಅಮೆರಿಕದ ಕೃಷಿ ಇಲಾಖೆ ಸ್ಪಷ್ಟವಾಗಿ ಹೇಳುತ್ತದೆ. ಸ್ಲೋ ಕುಕ್ಕರ್ ಶುರುವಾದ ಮೇಲೂ ಆ ಅಂತರವನ್ನು ದಾಟಲು ಹೊತ್ತು ಬೇಕು ಎಂಬುದನ್ನು ಮರೆಯಬಾರದು. ಎಂಟು ಜನ ಹಬ್ಬದ ದಿನ ಹೊಟ್ಟೆ ಹಿಡಿದುಕೊಂಡು ಮಲಗುವುದಕ್ಕಿಂತ ಸೀದ ಕ್ಯಾಸರೋಲೇ ಮೇಲು.

ರಾತ್ರಿಯಿಡೀ ಬೇಯಿಸುವ ಈ ಆಸೆಯ ಮೂಲ ಈ ಪಾತ್ರೆಯ ಹುಟ್ಟಿನಲ್ಲೇ ಇದೆ. ಇದರ ಪೇಟೆಂಟ್ ಪಡೆದ ಇರ್ವಿಂಗ್ ನ್ಯಾಕ್ಸನ್ ಅವರಿಗೆ ಅವರ ತಾಯಿ ಲಿಥುವೇನಿಯಾದ ಊರಿನ ಚೋಲೆಂಟ್ ಎಂಬ ಅಡುಗೆಯ ಕಥೆ ಹೇಳಿದ್ದರಂತೆ. ಸಬ್ಬತ್ ದಿನ ಬೆಂಕಿ ಹೊತ್ತಿಸಬಾರದೆಂದು ಯಹೂದಿಗಳು ಶುಕ್ರವಾರ ಸಂಜೆಯೇ ಕಾಳು, ಬಾರ್ಲಿ, ಮಾಂಸ ತುಂಬಿದ ಮಡಕೆಯನ್ನು ಊರ ಬೇಕರಿಯ ಒಲೆಯಲ್ಲಿಟ್ಟು, ಆರುತ್ತಾ ಬರುವ ಅದರ ಬಿಸಿಯಲ್ಲೇ ಮರುದಿನದವರೆಗೆ ಬೇಯಲು ಬಿಡುತ್ತಿದ್ದರು. 1940ರಲ್ಲಿ ಪೇಟೆಂಟ್ ದೊರೆಯಿತು. 1970ರಲ್ಲಿ ರೈವಲ್ ಕಂಪನಿ ನ್ಯಾಕ್ಸನ್ ಅವರ ಉದ್ಯಮವನ್ನು ಕೊಂಡು, ಮರುವರ್ಷ ಕ್ರಾಕ್-ಪಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಕಾಳಿಗೂ ಗಟ್ಟಿ ಮಾಂಸಕ್ಕೂ ಹನ್ನೆರಡು ಗಂಟೆ ಕೊಟ್ಟರೆ ರುಚಿಯೇ ಹೆಚ್ಚುತ್ತದೆ. ಒಡೆದ ಮೊಟ್ಟೆಗೆ ಆ ತಾಳ್ಮೆ ಇಲ್ಲ.

ಹಾಗಾದರೆ ಉಪಾಯವೇನು? ಮಕ್ಕಳಿರುವ ಮನೆಯಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿ ದೊಡ್ಡವರು ಉಡುಗೊರೆಗಳಿಗೆ ಕಾಗದ ಸುತ್ತುತ್ತಾ ಹೇಗೂ ನಡುರಾತ್ರಿಯವರೆಗೆ ಎದ್ದಿರುತ್ತಾರೆ. ಕಡೆಯ ಪೊಟ್ಟಣ ಕಟ್ಟಿದ ಮೇಲೆ ಫ್ರಿಜ್ಜಿನ ಡಬ್ಬಿಗಳನ್ನು ತೆಗೆದು ಪದರ ಹಾಕಲು ಹತ್ತು ನಿಮಿಷವೂ ಬೇಡ. ಹನ್ನೆರಡೂವರೆಗೆ ಹಚ್ಚಿದರೆ ಆರು ಗಂಟೆಗೆ ಬೆಂದಿರುತ್ತದೆ. ನಿಗದಿತ ಹೊತ್ತಿಗೆ ತಾನಾಗಿ ‘ವಾರ್ಮ್’ಗೆ (ಬೆಂದದ್ದನ್ನು ಬಿಸಿಯಾಗಿಡುವ ಮಟ್ಟ) ತಿರುಗುವ ಕುಕ್ಕರ್ ಆದರೆ ಇನ್ನೂ ಅನುಕೂಲ, ಆದರೆ ‘ವಾರ್ಮ್’ನಲ್ಲಿ ಒಂದೂವರೆ ಗಂಟೆಗಿಂತ ಹೆಚ್ಚು ಬಿಟ್ಟರೆ ಮೊಟ್ಟೆ ಒಣಗುತ್ತದೆ. ಆ ಹೊತ್ತಿನಲ್ಲಿ ಮುಚ್ಚಳದ ಕೆಳಗೆ ದಪ್ಪ ಬಟ್ಟೆಯೊಂದನ್ನು ಹಾಸಿ ತುದಿಗಳನ್ನು ಮುಚ್ಚಳದ ಮೇಲೆ ಮಡಚಿದರೆ ಹಬೆಯ ಹನಿಗಳು ಕೆಳಗೆ ಬೀಳುವುದಿಲ್ಲ. ಬೇಯುವಾಗ, ಅದೂ ಎಲ್ಲರೂ ಮಲಗಿರುವಾಗ, ಬಟ್ಟೆ ಹಾಸುವುದು ನನಗೆ ಒಪ್ಪಿಗೆಯಿಲ್ಲ. ನಡುನಡುವೆ ಮುಚ್ಚಳ ತೆಗೆದು ಇಣುಕುವ ಚಪಲವೂ ಬೇಡ.

ಕರಾವಳಿ ಅಡುಗೆಮನೆ (ಡಿಸೆಂಬರ್ 19)

ನಿಮ್ಮ ಅಮ್ಮನವರ ವಿಷಯಕ್ಕೆ ಬರುತ್ತೇನೆ. ಮೊಟ್ಟೆಯಿಲ್ಲದ ಕ್ಯಾಸರೋಲ್ ಮಾಡಲು ಕಡಲೆಹಿಟ್ಟು, ತೋಫು ಎಲ್ಲವನ್ನೂ ಪ್ರಯತ್ನಿಸಿದವಳು ನಾನು. ಫಲಿತಾಂಶವನ್ನು ವರ್ಣಿಸದಿರುವುದೇ ಒಳ್ಳೆಯದು. ಅದರ ಬದಲು ಒಂದೂವರೆ ಅಥವಾ ಎರಡು ಕ್ವಾರ್ಟಿನ ಚಿಕ್ಕ ಕುಕ್ಕರೊಂದನ್ನು ಹಳೆಯ ಸಾಮಾನಿನ ಅಂಗಡಿಯಿಂದ ತನ್ನಿ. ಅದಕ್ಕೆ ತುಪ್ಪ ಸವರಿ, ಸ್ಟೀಲ್ ಕಟ್ ಓಟ್ಸ್ ಒಂದು ಕಪ್ಪಿಗೆ ನಾಲ್ಕು ಕಪ್ ನೀರು, ಚಿಟಿಕೆ ಉಪ್ಪು ಹಾಕಿ ‘ಲೋ’ದಲ್ಲಿ 7 ಗಂಟೆ ಇಡಿ. ರಾತ್ರಿಯಿಡೀ ಇಡಲು ನಿಜವಾಗಿ ಹೇಳಿಮಾಡಿಸಿದ ತಿಂಡಿ ಇದೇ. ಈ ಓಟ್ಸ್ ನಮ್ಮ ಗೋಧಿ ನುಚ್ಚಿನಂತೆ ಕಾಳು ಕಾಳಾಗಿರುತ್ತದೆ. ಅವಲಕ್ಕಿಯಂತೆ ಚಪ್ಪಟೆಯಾದ ಓಟ್ಸ್ ಬಳಸಿದರೆ ಬೆಳಗ್ಗೆ ಅಂಟು ಸಿಗುತ್ತದೆಯೇ ಹೊರತು ತಿಂಡಿಯಲ್ಲ. ಬೆಂದ ಮೇಲೆ ಕರಗಿಸಿದ ಬೆಲ್ಲ, ಏಲಕ್ಕಿ, ತೆಂಗಿನ ಹಾಲು ಬೆರೆಸಿ. ಹಸುವಿನ ಹಾಲನ್ನು ಬೆಲ್ಲದ ಜೊತೆ ಮೊದಲೇ ಹಾಕಿದರೆ ಒಡೆಯುವ ಭಯವಿದೆ.

ಅಮ್ಮನವರು ಚೀಸ್ ತಿನ್ನುವವರಾದರೆ ಪೊಟ್ಟಣದ ಮೇಲಿನ ಸಾಲನ್ನೂ ಓದಿ. ಕೆಲವು ಚೀಸುಗಳಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಮೈಕ್ರೋಬಿಯಲ್ ರೆನೆಟ್ (ಸೂಕ್ಷ್ಮಜೀವಿಗಳಿಂದ ತಯಾರಿಸಿದ್ದು) ಎಂದು ಬರೆದಿದ್ದರೆ ಚಿಂತೆಯಿಲ್ಲ.

ಮಿನ್ನೆಸೋಟದ ಸೊಸೆ (ಡಿಸೆಂಬರ್ 26)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀರಿನ ಪರೀಕ್ಷೆ ಮಾಡಿದಾಗ ನನ್ನ ಕುಕ್ಕರ್ 206 ತೋರಿಸಿತು. ಅದಕ್ಕಾಗಿ 5 ಗಂಟೆ ಹೊತ್ತು ಮಾತ್ರ ಬೆಂದು ನಿಲ್ಲುವಂತೆ ಇಟ್ಟೆ. ಸೈಕಲ್ಲಿಗೆ ಕಾಗದ ಸುತ್ತುವ ಕೆಲಸ ಮುಗಿಯುವಾಗ ಒಂದು ಗಂಟೆಯಾಗಿತ್ತು. ಆರು ಗಂಟೆಗೆ ಮಕ್ಕಳ ಗಲಾಟೆಗೆ ಎದ್ದು ನೋಡಿದರೆ ನಡುಭಾಗ 174 ಇತ್ತು, ನೀರು ಹೆಚ್ಚುಕಡಿಮೆ ಇರಲೇ ಇಲ್ಲ. ಅಲ್ಯೂಮಿನಿಯಂ ಹಾಳೆಯನ್ನು ಒಂದೇ ಬದಿಗೆ ಇಟ್ಟಿದ್ದೆ. ಎದುರು ಬದಿಯ ಅಂಚು ಕಂದಾಗಿತ್ತು, ಅದನ್ನೇ ನಾದಿನಿ ಕೆರೆದು ಕೆರೆದು ತಿಂದಳು. ದಪ್ಪ ಮೆಣಸಿನಕಾಯಿಯ ಬಣ್ಣ ಮಾತ್ರ ಪೂರ್ತಿ ಸತ್ತುಹೋಗಿತ್ತು. ಮುಂದಿನ ಸಲ ಸ್ವಲ್ಪವನ್ನು ಹಸಿಯಾಗಿ ಉಳಿಸಿಕೊಂಡು ಬಡಿಸುವಾಗ ಉದುರಿಸುತ್ತೇನೆ.

ಅಮ್ಮ ಓಟ್ಸನ್ನು ಎರಡು ಸಲ ಬಡಿಸಿಕೊಂಡರು, ಬೆಲ್ಲ ಸಾಲದು ಎಂದರು. ಮಾವನವರು ಈ ಸಲವೂ ಕೆಚಪ್ ಕೇಳಿದರು. ಅವರು ನಲವತ್ತು ವರ್ಷದಿಂದ ಅತ್ತೆಯವರ ಕ್ಯಾಸರೋಲಿಗೂ ಅದನ್ನೇ ಸುರಿದುಕೊಳ್ಳುತ್ತಿದ್ದಾರೆಂದು ನನ್ನ ಗಂಡ ಈಗ ಹೇಳುತ್ತಾರೆ.