ಪೆಟ್ಟು ಕಂಡು ಬೆಳೆದ ಮಗ: ತಾಯಿಗೆ ತರಬೇತಿ ಬೇಕೆ?

ಪ್ರಶ್ನೆ (ದಾವಣಗೆರೆಯಿಂದ ಒಬ್ಬ ತಾಯಿ)

ಎಂಟು ತಿಂಗಳ ಹಿಂದೆ ಗಂಡನ ಮನೆ ಬಿಟ್ಟು, ಇಬ್ಬರು ಮಕ್ಕಳೊಂದಿಗೆ ತವರಿಗೆ ಬಂದಿದ್ದೇನೆ. ಬೀದಿಯಲ್ಲಿ ಬೈಕಿನ ಸದ್ದಾದರೆ ಏಳು ವರ್ಷದ ಮಗ ಈಗಲೂ ಟಿವಿಯ ದನಿ ತಗ್ಗಿಸಿ, ತಂಗಿಯ ಆಟಿಕೆಗಳನ್ನೆಲ್ಲ ಮಂಚದಡಿಗೆ ತಳ್ಳುತ್ತಾನೆ. ಅದೇ ಹುಡುಗ ಸಿಟ್ಟು ಬಂದಾಗ ತಂಗಿಯ ಜುಟ್ಟು ಹಿಡಿದು, ಅವನಪ್ಪ ನನ್ನನ್ನು ಬೈಯುತ್ತಿದ್ದ ಮಾತುಗಳನ್ನೇ ಆಡುತ್ತಾನೆ. ಕಳೆದ ವಾರ ಬಿಡಿಸಲು ಹೋಗಿ ಅವನಿಗೆ ಒಂದೇಟು ಕೊಟ್ಟುಬಿಟ್ಟೆ. ಅವನು ಅಳಲಿಲ್ಲ, ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಕುಳಿತ. ನಾನು ಆ ಮನೆಯಲ್ಲಿ ಕುಳಿತುಕೊಳ್ಳುತ್ತಿದ್ದುದು ಹಾಗೆಯೇ. ಪೋಷಕರ ತರಬೇತಿಗೆ ಹೋಗಿ ಎಂದು ಪರಿಚಿತರು ಹೇಳುತ್ತಾರೆ. ಪೆಟ್ಟು ತಿಂದವಳೂ ನಾನು, ಪಾಠ ಕಲಿಯಬೇಕಾದವಳೂ ನಾನೇ ಏಕೆ? ಮಕ್ಕಳನ್ನು ವಾರಕ್ಕೊಮ್ಮೆ ಕಳುಹಿಸಬೇಕೆಂದು ಗಂಡನ ಕಡೆಯವರ ಒತ್ತಾಯ ಬೇರೆ.

ಉತ್ತರ 1 (ಆಪ್ತಸಮಾಲೋಚಕಿ)

ನಿಮ್ಮ ಸಂಕಟ ನ್ಯಾಯವಾದದ್ದೇ. ತಂದೆತಾಯಿ ಒಂದೇ ಮಾತಿನವರಾಗಿರಬೇಕೆಂದು ಹೇಳಿಕೊಡುವ ಸಾಮಾನ್ಯ ತರಗತಿ ನಿಮಗೆ ಒಗ್ಗುವುದಿಲ್ಲ. ಮನೆ ಸುರಕ್ಷಿತವಾಗಿದೆಯೇ, ನಿಮಗೆ ರಾತ್ರಿ ನಿದ್ದೆ ಬರುತ್ತಿದೆಯೇ ಎಂದು ಮೊದಲು ವಿಚಾರಿಸಿ, ಆಮೇಲಷ್ಟೇ ಮಗುವಿನ ಮಾತೆತ್ತುವವರ ಬಳಿ ಹೋಗಿ. ಮನೆಯ ಜಗಳಕ್ಕೆಲ್ಲ ತಾನೇ ಕಾರಣವೆಂದು ಈ ವಯಸ್ಸಿನ ಮಕ್ಕಳು ನಂಬಿಬಿಟ್ಟಿರುವುದುಂಟು. ಆದ್ದರಿಂದ "ಅಪ್ಪ ಹೊಡೆದದ್ದು ತಪ್ಪು, ಅದು ನಿನ್ನಿಂದಾದದ್ದಲ್ಲ" ಎಂದು ನೇರವಾಗಿ, ಒಮ್ಮೆಯಲ್ಲ, ಹಲವು ಸಲ ಹೇಳಬೇಕಾಗುತ್ತದೆ. "ನೀನೂ ಅಪ್ಪನ ಹಾಗೆಯೇ" ಎಂಬ ಮಾತು ಎಷ್ಟೇ ಸಿಟ್ಟಿನಲ್ಲೂ ಬಾಯಿಂದ ಬರಬಾರದು. ಇನ್ನು ಮುಂದೆ ನೀನೇ ಮನೆಯ ಯಜಮಾನ ಎಂದು ಅವನ ಹೆಗಲಿಗೆ ಭಾರ ಹೊರಿಸುವುದೂ ಬೇಡ. ಕೊಟ್ಟ ಏಟಿಗೆ ಕ್ಷಮೆ ಕೇಳಿ. ಆದರೆ ತಂಗಿಯನ್ನು ಹೊಡೆಯುವಂತಿಲ್ಲ ಎಂಬುದನ್ನು ಮಾತ್ರ ಸಡಿಲಿಸಬೇಡಿ. ನೊಂದ ಮಹಿಳೆಯರ ನೆರವಿಗಿರುವ ಸಾಂತ್ವನ ಕೇಂದ್ರ, ಸಖಿ ಕೇಂದ್ರ ಎರಡರಲ್ಲೂ ಆಪ್ತಸಮಾಲೋಚನೆಗೆ ಹಣ ಕೊಡಬೇಕಿಲ್ಲ. ಮಹಿಳಾ ಸಹಾಯವಾಣಿ 181. ಮನಸ್ಸಿನ ತೊಳಲಾಟಕ್ಕೆ ಟೆಲಿ ಮಾನಸ್ 14416.

ಉತ್ತರ 2

ಅಕ್ಕ, ನಾನೂ ಇದೇ ಪ್ರಶ್ನೆ ಹೊತ್ತು ಅಲೆದವಳು. ಮೊದಲು ಹೋದ ಕಡೆ ಮಕ್ಕಳಿಗೋಸ್ಕರ ಹೊಂದಿಕೊಂಡು ಹೋಗಿ ಎಂದರು. ಮತ್ತೆ ಅತ್ತ ತಲೆಹಾಕಲಿಲ್ಲ. ಎರಡನೆಯ ಕಡೆ ಕಲಿತದ್ದು ಸಣ್ಣ ವಿಷಯ: ಎದುರಿಗೆ ಕೂರಿಸಿಕೊಂಡು ಕೇಳಿದರೆ ಮಗು ಬಾಯಿ ಬಿಡುವುದಿಲ್ಲ. ಸಂಜೆ ಜೊತೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ, ತಲೆ ಎತ್ತದೆಯೇ, ನನ್ನ ಮಗಳು ಎಲ್ಲವನ್ನೂ ಹೇಳಿದಳು.

ಉತ್ತರ 3 (ವಕೀಲರು)

ಭೇಟಿಯ ವಿಷಯವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬೇಡಿ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಡಿ ಅರ್ಜಿ ಸಲ್ಲಿಸಿದರೆ, 21ನೇ ಕಲಮಿನಂತೆ ಮಕ್ಕಳನ್ನು ತಾತ್ಕಾಲಿಕವಾಗಿ ನಿಮ್ಮ ಸುಪರ್ದಿಗೆ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ತಂದೆಯ ಭೇಟಿಯಿಂದ ಮಕ್ಕಳಿಗೆ ಹಾನಿಯಾಗಬಹುದೆಂದು ಕಂಡುಬಂದರೆ ಅವರು ಅದನ್ನು ನಿರಾಕರಿಸಬೇಕು. ಕರ್ನಾಟಕದಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿ. ಅರ್ಜಿಗೆ ಅವರು ನೆರವಾಗಬೇಕು. ಬೈಕಿನ ಸದ್ದಿಗೆ ಮಗ ಹೇಗೆ ವರ್ತಿಸುತ್ತಾನೆಂಬುದನ್ನು ದಿನಾಂಕ ಸಮೇತ ಬರೆದಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಸೋಮವಾರ ಸಾಂತ್ವನ ಕೇಂದ್ರಕ್ಕೆ ಹೋಗುತ್ತೇನೆ. ನಿನ್ನೆ ರಾತ್ರಿ ಮಗನಲ್ಲಿ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ ನಿನ್ನ ಹತ್ತಿರ ಯಾಕೆ ಕೇಳಲೇ ಇಲ್ಲ?" ಎಂದ. ಅದಕ್ಕೆ ಏನು ಹೇಳಬೇಕೆಂಬುದನ್ನೂ ಅಲ್ಲಿ ಕೇಳಬೇಕಾಗಿದೆ.