ನಾಯಿ ಕರ್ಕೊಂಡು ಆನೆಗುಂದಿ ಕಡಿ ಗುಡ್ಡ ಹತ್ತಿದೋರು ಇದ್ರ ಅನುಭವ ಹೇಳ್ರಿ

ಎಲ್ಲರಿಗೂ ನಮಸ್ಕಾರ್ರಿ. ನಾವು ಸಿಂಧನೂರಿನವ್ರು. ದೀಪಾವಳಿ ಮುಗಿದ ವಾರ ನಾನು, ನನ್ನ ಇಬ್ಬರು ಗೆಳ್ಯಾರು ಆನೆಗುಂದಿ, ಸಾಣಾಪುರ ಕಡಿ ಒಂದಿನ ಪೂರ್ತಿ ಗುಡ್ಡ ಹತ್ತಬೇಕಂತ ಮಾಡೀವಿ. ಮೆಟ್ಟಿಲು ಇರೋ ಗುಡ್ಡ ಅಲ್ರಿ, ಬಂಡೆಗಲ್ಲಿನ ಮ್ಯಾಲ ಕೈಕಾಲು ಹಚ್ಚಿ ಹತ್ತೋವು, ಒಂದ ದಿನದಾಗ ಮೂರು ಆಗ್ಬೇಕು ಅಂತ ಆಸೆ ಅದ. ಸಂಗಾಟ ನಮ್ಮ ಕೆಂಚನ್ನೂ ಕರ್ಕೊಂಡು ಹೋಗೋದು. ಮುಧೋಳ ಕ್ರಾಸು, ಎರಡು ವರ್ಷದಾಂವ, 24 ಕೆಜಿ ಅದಾನ, ಹೊಲದಾಗ ಓಡೋದು ಬಿಟ್ರ ಗುಡ್ಡ ಕಂಡಾಂವಲ್ಲ. ಯಾವ ಗುಡ್ಡ ಆಗ್ತದ, ಏನೇನು ಒಯ್ಯಬೇಕು, ಕಾಲಿಗೆ ಬೂಟು ಬೇಕೋ ಬ್ಯಾಡೋ, ಗೊತ್ತಿದ್ದೋರು ದಯವಿಟ್ಟು ಹೇಳ್ರಿ.

ಗಂಗಾವತಿಯಿಂದ:

ಅಣ್ಣಾರ, ಮೂರು ಗುಡ್ಡದ ಲೆಕ್ಕ ಮೊದಲು ಬಿಡ್ರಿ. ಮುಂಜಾನೆ ಒಂದು ದೊಡ್ಡದು, ಸಂಜಿಮುಂದ ಒಂದು ಸಣ್ಣದು, ನಾಯಿ ಇದ್ದಾಗ ಇಷ್ಟ ಸಾಕು. ನಾ ಇಲ್ಲೇ ಹುಟ್ಟಿ ಬೆಳದಾಂವ, ನಮ್ಮ ರಾಣಿ ಅಂತ ನಾಟಿ ನಾಯಿ ಐತಿ, ಮಳಿಗಾಲ ಮುಗೀತು ಅಂದ್ರ ಅಕಿನ್ನ ಬಿಟ್ಟು ನಾ ಗುಡ್ಡಕ್ಕ ಹೋಗಂಗಿಲ್ಲ, ಅದಕ್ಕ ಹೇಳಾಕತ್ತೀನಿ. ಗುಡ್ಡ ಹತ್ತೋದು ನಾಯಿಗೆ ಕಷ್ಟನ ಅಲ್ರಿ. ಹಿಂಗಾಲಿನಾಗ ಶಕ್ತಿ ಇರ್ತೈತಿ, ಎದಿಮಟ ಇರೋ ಕಲ್ಲನ್ನೂ ಒಂದ ಜಿಗಿತಕ್ಕ ಹತ್ತಿ ಮ್ಯಾಲಿಂದ ನಿಮ್ಮನ್ನ ನೋಡ್ತೈತಿ, ನಿಮಗೂ ಖುಷಿ ಆಗ್ತೈತಿ. ಇಳಿಯೋ ಹೊತ್ತಿಗೆ ಅದ ಕಲ್ಲು ಬ್ಯಾರೆನ ಕಾಣ್ತೈತಿ. ನಿಂತಾಗನ ಮೈಭಾರದಾಗ ಅರ್ಧಕ್ಕಿಂತ ಜಾಸ್ತಿ ಮುಂಗಾಲಿನ ಮ್ಯಾಲ ಇರ್ತೈತಿ, ಕೆಳಗ ಜಿಗಿದ್ರ ಅಷ್ಟೂ ಭಾರ ಮಣಿಕಟ್ಟಿಗೆ, ಭುಜಕ್ಕ ಬಡೀತೈತಿ. ಅದಕ್ಕ ಪ್ರತಿ ಕಲ್ಲಿಗೂ ನಿಂತು ಒಂದ ಮಾತು ಕೇಳ್ಕೋರಿ, ಇಲ್ಲಿಂದ ಕೆಂಚನ್ನ ಹೆಂಗ ಇಳಿಸ್ತೀವಿ ಅಂತ. ಉತ್ತರ ಇಲ್ಲಾ ಅಂದ್ರ ಆ ಕಲ್ಲು ಹತ್ತಿಸಬ್ಯಾಡ್ರಿ, ಸುತ್ತು ಹಾಕ್ಕೊಂಡು ಹೋಗೋ ದಾರಿ ಹುಡುಕ್ರಿ, ದಾರಿ ಸಿಗಲಿಲ್ಲ ಅಂದ್ರ ಅವತ್ತಿನ ತುದಿ ಅಲ್ಲೇ ಅಂತ ತಿಳ್ಕೊಂಡು ಕುಂತು ಬುತ್ತಿ ಬಿಚ್ರಿ.

ಮೂರು ಮಂದಿ ಇದ್ದೀರಿ, ಅದು ಭಾಳ ಛಲೋ ಆತು. ಇಳಿಯುವಾಗ ಒಬ್ಬರು ಮೊದಲು ಕೆಳಗ ಇಳಿದು ನಿಲ್ಲಬೇಕು, ಒಬ್ಬರು ಮ್ಯಾಲ ಬೆಲ್ಟ್ ಹಿಡೀಬೇಕು, ಮೂರನೇದೋರು ಬ್ಯಾಗು ಚೀಲ ಇಸ್ಕೊಳ್ಳೋದು. ಕೊರಳ ಪಟ್ಟಿಗೆ ಹಗ್ಗ ಹಾಕಿ ಜಗ್ಗಬ್ಯಾಡ್ರಿ, ಕಾಲು ಜಾರಿದ್ರ ಕೊರಳಿಗೆ ಉರುಲು ಆಗ್ತೈತಿ. ಎದಿಗೆ, ಹೊಟ್ಟಿಗೆ ಎರಡೂ ಕಡಿ ಬರೋ ಹಾರ್ನೆಸ್ ತಗೋರಿ, ಬೆನ್ನಿನ ಮ್ಯಾಲ ಹಿಡಿಕಿ ಇರೋದು. ಹೊಸದು ಹಾಕಿ ಸೀದಾ ಗುಡ್ಡಕ್ಕ ತರಬ್ಯಾಡ್ರಿ, ಹದಿನೈದು ದಿನ ಮನ್ಯಾಗ ಹಾಕಿ ಅಡ್ಡಾಡಿಸ್ರಿ, ಹಿಡಿಕಿ ಹಿಡಿದು ಎತ್ತಿ ಎತ್ತಿ ಇಳಿಸ್ರಿ, ಅದಕ್ಕ ರೂಢಿ ಆಗಬೇಕು. ಮತ್ತ ಹಗ್ಗಾನ ನಿಮ್ಮ ನಡಕ್ಕ ಮಾತ್ರ ಕಟ್ಕೋಬ್ಯಾಡ್ರಿ, ಅದು ಮೊಲ ಕಂಡು ಹಾರಿದ್ರ ನೀವೂ ಹೋಗ್ತೀರಿ. ಬ್ಯಾಗಿನಾಗ ಒಂದು ಗಟ್ಟಿ ಹತ್ತಿ ಚಾದರ ಇಟ್ಕೋರಿ, ಕಾಲಿಗೆ ಪೆಟ್ಟಾದ್ರ ಅದರಾಗ ಮಲಗಿಸಿ ಇಬ್ಬರು ಹಿಡ್ಕೊಂಡು ಇಳಿಸಬಹುದು, 24 ಕೆಜಿ ನಾಯಿನ ಒಬ್ಬಾಂವ ಹೆಗಲ ಮ್ಯಾಲ ಹೊತ್ಕೊಂಡು ಬಂಡೆ ಇಳಿಯೋದು ಆಗದ ಮಾತು.

ಬೂಟಿನ ವಿಚಾರ. ಬಂಡೆ ಮ್ಯಾಲ ಬ್ಯಾಡ್ರಿ. ನಾಯಿ ಕಲ್ಲು ಹಿಡಿಯೋದ ಅಂಗಾಲಿನ ಮೆತ್ತಿಯಿಂದ ಮತ್ತ ಉಗುರಿನಿಂದ, ಬೂಟು ಹಾಕಿದ್ರ ಎರಡೂ ಹೋತು. ಆದ್ರ ನಮ್ಮ ಕಡಿ ಗ್ರಾನೈಟ್ ಕಲ್ಲಿನ ಹರಳು ಉಜ್ಜಿ ಉಜ್ಜಿ ಅಂಗಾಲು ಸವೀತೈತಿ, ಹೊಲದ ಮಣ್ಣಿನಾಗ ಓಡ್ಯಾಡೋ ನಾಯಿಗಂತೂ ಲಗೂನ. ಅದಕ್ಕ ಈಗಿಂದನ ತಯಾರಿ ಮಾಡ್ರಿ. ನಿಮಗ ಮಸ್ಕಿ ಹತ್ರಾನ ಐತೆಲ್ಲ, ಅಲ್ಲಿ ಮಲ್ಲಿಕಾರ್ಜುನ ಗುಡಿ ಗುಡ್ಡದ ಬುಡಕ್ಕ ವಾರಕ್ಕ ಎರಡು ಸಲ ಬೆಳಗಿನಾಗ ಕಲ್ಲಿನ ಮ್ಯಾಲ ನಡಸ್ರಿ (ಅಶೋಕನ ಹೆಸರು ಇರೋ ಶಾಸನ 1915ರಾಗ ಸಿಕ್ಕಿದ್ದು ಅದ ಊರಾಗ, ಹೋದಾಗ ಅದನ್ನೂ ನೋಡ್ರಿ, ನಾಯಿನ ಹೊರಗ ಒಬ್ಬರು ಹಿಡ್ಕೊಳ್ರಿ). ಬೂಟು ಒಂದು ಜೊತಿ ಬ್ಯಾಗಿನಾಗ ಇರ್ಲಿ, ಅಂಗಾಲು ಹರೀತು ಅಂದ್ರ ಬ್ಯಾಂಡೇಜಿನ ಮ್ಯಾಲ ಹಾಕಿ ಸಪಾಟ ದಾರಿಯಾಗ ನಡಸಾಕ ಬರ್ತೈತಿ.

ಬಿಸಿಲು. ನವೆಂಬರ್ ಅಂದ್ರ ಥಂಡಿ ಅಂತ ತಿಳ್ಕೊಂಡು ಮಂದಿ ಒಂಬತ್ತಕ್ಕ ಶುರು ಮಾಡ್ತಾರ. ಗಾಳಿ ತಂಪಿರ್ತೈತಿ ಖರೆ, ಆದ್ರ ಹನ್ನೊಂದರ ಮ್ಯಾಲ ಬಂಡೆ ರೊಟ್ಟಿ ಹಂಚಿನಂಗ ಕಾಯ್ತಾವು. ನಾಯಿ ಹೊಟ್ಟಿ ಕಲ್ಲಿಗೆ ಗೇಣು ಎರಡು ಗೇಣು ಅಂತರದಾಗ ಇರ್ತೈತಿ, ನಿಮಗ ತಗಲದ ಝಳ ಅದಕ್ಕ ತಗಲ್ತೈತಿ. ಅಂಗೈ ಹಿಂಭಾಗ ಕಲ್ಲಿಗೆ ಹಚ್ಚಿ ಏಳು ಎಣಸ್ರಿ, ಅಷ್ಟೊತ್ತು ಇಡಾಕ ಆಗಲಿಲ್ಲ ಅಂದ್ರ ನಾಯಿನೂ ನಡಿಯಬಾರದು. ಆರೂವರಿಗೆ ಬೆಳಕು ಹರದಿರ್ತೈತಿ, ಆಗ ಬುಡದಾಗ ಇರ್ರಿ. ಹತ್ತೂವರಿಗೆ ಕೆಳಗ ಇಳಿದಿರಬೇಕು. ಮಧ್ಯಾಹ್ನ ನೆಳ್ಳಾಗ ಮಲಗ್ರಿ. ನಾಕಕ್ಕ ಸಣ್ಣ ಗುಡ್ಡ ಹತ್ತಿ ಐದಕ್ಕ ಇಳಿಯಾಕ ಶುರು ಮಾಡ್ರಿ, ಆರರ ಒಳಗ ಹೊತ್ತು ಮುಳುಗ್ತೈತಿ.

ಯಾವ ಗುಡ್ಡ ಅಂದ್ರ, ಅಂಜನಾದ್ರಿ ಬ್ಯಾಡ. 575 ಮೆಟ್ಟಿಲು, ದೇವರ ಜಾಗ, ಭಕ್ತರ ಗದ್ದಲ, ಮ್ಯಾಲ ಮಂಗ್ಯಾಗಳು ನಾಯಿ ಕಂಡ್ರ ಹಿಂಡುಗಟ್ಟಿ ಬರ್ತಾವು. ಹಿರೇಬೆಣಕಲ್ ಮೊರೇರ ಗುಡ್ಡ ಹತ್ತಾಕ ಛಲೋ ಐತಿ, ಬಂಡೆನೂ ಅದಾವು ಕಾಡೂ ಐತಿ, ಆದ್ರ ಮ್ಯಾಲ ಇರೋವು ಎರಡು ಸಾವಿರ ವರ್ಷಕ್ಕೂ ಹಳೇ ಕಲ್ಲಿನ ಗೋರಿಗಳು, ನೂರಾರು ಅದಾವು, 2021ರಾಗ ಯುನೆಸ್ಕೋ ತಾತ್ಕಾಲಿಕ ಪಟ್ಟಿಗೂ ಸೇರೇತಿ. ಆ ಚಪ್ಪಡಿ ನಿಲ್ಲಿಸಿದ ಮಂದಿಗೆ ಮರ್ಯಾದಿ ಕೊಡಬೇಕ್ರಿ ನಾವು. ನಾಯಿನ ಗೋರಿ ಹತ್ರ ಬಿಡಬ್ಯಾಡ್ರಿ, ಮೊದಲ ಸಲಕ್ಕಂತೂ ಅಲ್ಲಿಗೆ ನಾಯಿ ಒಯ್ಯೋದ ಬ್ಯಾಡ ಅಂತೀನಿ. ಸಾಣಾಪುರ ಸುತ್ತ ಹೆಸರಿಲ್ಲದ ಸಣ್ಣ ಸಣ್ಣ ಗುಡ್ಡ ಎಷ್ಟು ಬೇಕಷ್ಟು ಅದಾವು, ಹೊರದೇಶದ ಮಂದಿ ಚಳಿಗಾಲಕ್ಕ ಬಂದು ಬಂಡೆ ಹತ್ತೋದೂ ಅಲ್ಲೇ, ಒಂದು ದಾರಿ ಆಗಲಿಲ್ಲ ಅಂದ್ರ ಪಕ್ಕದಾಗ ಇನ್ನೊಂದು ಸಿಗ್ತೈತಿ. ನಿಮ್ಮ ಕೆಂಚಗ ಅದ ಸರಿ.

ಬಳ್ಳಾರಿಯಿಂದ, ಪಶು ಆಸ್ಪತ್ರೆ ಕೆಲಸದವರು:

ಮೇಲೆ ಹೇಳಿದ್ದು ಎಲ್ಲಾ ಸರಿ ಐತೆ, ನಾನು ಆರೋಗ್ಯದ್ದು ಸೇರಿಸ್ತೀನಿ. ಮುಧೋಳ ತಳಿ ಚರ್ಮ ಭಾಳ ತೆಳುವು, ಮೈಯಲ್ಲಿ ಕೊಬ್ಬಿಲ್ಲ, ಜಾಲಿ ಮುಳ್ಳು ತರಚಿದ್ರೂ ಉದ್ದಕ್ಕೆ ಹರಿದು ಬಿಡ್ತದೆ. ಅದು ಒಂದೇ ಉಸಿರಿಗೆ ಓಡೋ ನಾಯಿ, ಇಡೀ ದಿನ ಬಿಸಿಲಲ್ಲಿ ದುಡಿಯೋದಲ್ಲ. ನಾಯಿ ಮೈ ಬಿಸಿ ಮಾಮೂಲಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತೆ, 104 ದಾಟಿದ್ರೆ ಅಪಾಯ. ನಾಲಿಗೆ ಅಗಲ ಆಗಿ ಜೋತು ಬೀಳೋದು, ಜೊಲ್ಲು ಅಂಟಂಟಾಗೋದು, ಒಸಡು ಕೆಂಪಗೆ ಆಗೋದು, ಕರೆದ್ರೆ ತಿರುಗಿ ನೋಡದೇ ಇರೋದು, ಇದ್ರಲ್ಲಿ ಒಂದು ಕಂಡ್ರೂ ನೆರಳಿಗೆ ಒಯ್ದು ಹೊಟ್ಟೆ, ತೊಡೆ ಸಂದು, ಅಂಗಾಲಿಗೆ ನೀರು ಹಾಕ್ತಾ ಗಾಳಿ ಬೀಸ್ರಿ, ಒದ್ದೆ ಟವೆಲ್ ಮೈಮೇಲೆ ಹೊದಿಸಿ ಬಿಡಬ್ಯಾಡ್ರಿ, ಅದು ಶಾಖ ಒಳಗೇ ಹಿಡಿದಿಡುತ್ತೆ. ಆಮೇಲೆ ಚೇತರಿಸಿಕೊಂಡ ಹಂಗೆ ಕಂಡ್ರೂ ಡಾಕ್ಟರಿಗೆ ತೋರಿಸ್ಲೇಬೇಕು, ಒಳಗಿನ ಪೆಟ್ಟು ಮರುದಿನ ಗೊತ್ತಾಗೋದೂ ಐತೆ.

ನೀರು ಮನೆಯಿಂದಾನೇ ಒಯ್ರಿ, ನಾಯಿಗೆ ಅಂತಲೇ ಬೇರೆ ಎರಡು ಲೀಟರ್. ಬಂಡೆ ಮೇಲಿನ ದೊಣೆಗಳಲ್ಲಿ ಮಳೆ ನೀರು ನಿಂತು ಹಸಿರು ಕಟ್ಟಿರುತ್ತೆ, ಇಲಿ ಉಚ್ಚೆ ಸೇರಿದ ನೀರಿಂದ ಇಲಿಜ್ವರ ಬರ್ತದೆ, ಅದು ನಿಮಗೂ ಅಂಟುತ್ತೆ. ರೇಬೀಸ್ ಲಸಿಕೆ ಮತ್ತೆ ಇಲಿಜ್ವರ ಸೇರಿರೋ ಲಸಿಕೆ ಎರಡೂ ಚಾಲ್ತಿಯಲ್ಲಿ ಐತಾ ನೋಡ್ಕೊಳ್ರಿ, ಇಲ್ಲಾಂದ್ರೆ ಹೋಗೋ ಮೂರ್ನಾಕು ವಾರ ಮುಂಚೇನೇ ಹಾಕಿಸ್ರಿ.

ಉಣ್ಣೆ (ಮೈಗೆ ಕಚ್ಚಿ ರಕ್ತ ಹೀರೋ ಹುಳ) ಬಗ್ಗೆ ಯಾರೂ ಹೇಳಲ್ಲ. ಮಳೆ ಬಿಟ್ಟ ಮೇಲೆ ಹುಲ್ಲು ಎದೆಮಟ ಬೆಳೆದಿರುತ್ತೆ, ಕುರಿ ದನ ಮೇಯೋ ಜಾಗ ಬೇರೆ. ಉಣ್ಣೆಗೆ ತಿನ್ನಿಸೋ ಮಾತ್ರೆ ಬರ್ತದೆ, ತೂಕ ನೋಡಿ ಡಾಕ್ಟರ್ ಕೊಡ್ತಾರೆ, ಒಂದು ವಾರ ಮುಂಚೆ ಕೊಡ್ರಿ. ಬಂದ ರಾತ್ರಿ ಕಿವಿ ಒಳಗೆ, ಬೆರಳ ಸಂದು, ಬಾಲದ ಬುಡ ಬೆರಳಾಡಿಸಿ ನೋಡ್ರಿ. ಎರಡು ಮೂರು ವಾರ ಬಿಟ್ಟು ನಾಯಿ ಅನ್ನ ಬಿಟ್ರೆ, ಒಸಡು ಬಿಳಿಚಿದ್ರೆ, ಮೂಗಲ್ಲಿ ರಕ್ತ ಬಂದ್ರೆ ಗುಡ್ಡಕ್ಕೆ ಹೋಗಿ ಬಂದ ಸುದ್ದಿ ಡಾಕ್ಟರಿಗೆ ಹೇಳ್ರಿ, ಉಣ್ಣೆ ಜ್ವರಕ್ಕೆ ರಕ್ತ ಪರೀಕ್ಷೆ ಐತೆ, ಬೇಗ ಹಿಡಿದ್ರೆ ವಾಸಿ ಆಗುತ್ತೆ. ಒಣಗಿದ ಹುಲ್ಲಿನ ಸುಂಕು ಕೂಡ ಕಿವಿಯಲ್ಲಿ, ಬೆರಳ ಸಂದಿಯಲ್ಲಿ ಹೊಕ್ಕು ಒಳಗೊಳಗೇ ಮುಂದೆ ಹೋಗ್ತದೆ, ಕೀವು ಆದ ಮೇಲೇ ಗೊತ್ತಾಗೋದು. ನಾಯಿ ತಲೆ ಒಂದೇ ಕಡೆ ಒದರ್ತಾ ಇದ್ರೆ ಮನೆಯಲ್ಲಿ ಕಡ್ಡಿ ಹಾಕಬ್ಯಾಡ್ರಿ.

ಹಾವು ಕಚ್ಚಿದ್ರೆ ಹಗ್ಗ ಕಟ್ಟೋದು, ಕೊಯ್ಯೋದು ಏನೂ ಬ್ಯಾಡ, ನಡೆಸಲೂ ಬ್ಯಾಡ, ಚಾದರದಲ್ಲಿ ಹೊತ್ಕೊಂಡು ಬರ್ರಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಕಕ್ಕೂ ಮನುಷ್ಯರಿಗೆ ಕೊಡೋ ಔಷಧಾನೇ ನಾಯಿಗೂ ಕೆಲಸ ಮಾಡ್ತದೆ. ಎಲ್ಲಿ ಸಿಗ್ತದೆ ಅಂತ ಹೋಗೋ ಮುಂಚೆ ಫೋನ್ ಮಾಡಿ ಕೇಳ್ಕೊಂಡಿರ್ರಿ. ನಿಮ್ಮ ಬ್ಯಾಗಲ್ಲಿರೋ ನೋವಿನ ಮಾತ್ರೆ, ಐಬುಪ್ರೊಫೆನ್ ಆಗ್ಲಿ ಡೈಕ್ಲೊಫೆನಾಕ್ ಆಗ್ಲಿ, ಯಾವ ಕಾರಣಕ್ಕೂ ನಾಯಿಗೆ ಕೊಡಬ್ಯಾಡ್ರಿ, ಕಿಡ್ನಿ ಹೋಗ್ತದೆ.

ಕುಷ್ಟಗಿಯಿಂದ, ಕುರಿ ಕಾಯೋ ಮನಿತನದಾಂವ:

ನನ್ನದು ಒಂದ ವಿನಂತಿ. ಕುರಿ ಹಿಂಡು ಕಂಡ ಕೂಡ್ಲೆ ನಿಮ್ಮ ನಾಯಿಗೆ ಹಗ್ಗ ಹಾಕ್ರಿ, ದೂರ ಇದ್ರೂ ಹಾಕ್ರಿ. ಮುಧೋಳ ರಕ್ತ ಐತಿ ಅಂದ್ರ ಓಡೋ ಮರಿ ಕಂಡ್ರ ಬೆನ್ನು ಹತ್ತೋದ, ಅದರ ತಪ್ಪಲ್ಲ, ಆದ್ರ ಗಬ್ಬದ ಕುರಿ ಓಡಿ ಬಿದ್ರ ಆ ಮನಿಗೆ ಎಷ್ಟು ಲುಕ್ಸಾನು ಅಂತ ಹೊರಗಿನವ್ರಿಗೆ ತಿಳಿಯಂಗಿಲ್ಲ. ಹಿಂಡಿನ ಸಂಗಾಟ ಇರೋ ನಾಯಿಗಳು ತೋಳ ಅಟ್ಟೋವು, ನಿಮ್ಮದನ್ನ ನಾಕು ಕಡಿಯಿಂದ ಸುತ್ತುಗಟ್ತಾವು. ಕುರಿ ಕಾಯೋರಿಗೆ ದೂರದಿಂದ ಕೂಗಿ, "ಯಣ್ಣಾ, ನಾಯಿ ಹಿಡ್ಕೊಳ್ಳಪಾ, ನಾವು ಹಿಂಗ ದಾಟ್ತೀವಿ" ಅಂದ್ರ ಅವ್ರ ದಾರಿ ತೋರಿಸ್ತಾರ. ಗುಡ್ಡದ ದಾರಿ ಅವ್ರಿಗಿಂತ ಛಲೋ ಬಲ್ಲೋರು ಯಾರೂ ಇಲ್ಲ.

ಇನ್ನೊಂದು, ಗುಡ್ಡದ ಬುಡಕ್ಕ ಹೊಲ ಇರ್ತಾವು, ಹಂದಿ ಕಾಟಕ್ಕ ಬೇಲಿ ಸಂದ್ಯಾಗ ತಂತಿ ಉರುಲು ಇಟ್ಟಿರ್ತಾರ. ಹೊಲದ ಬದುವು ದಾಟೋತನಾ ನಾಯಿ ನಿಮ್ಮ ಕಾಲಾಗ ಇರ್ಲಿ.

ಸಂಡೂರಿನಿಂದ:

ನಾನು ನಮ್ಮ ಲ್ಯಾಬ್ರಡಾರ್ ಜತೆ ಹೋಗೋದು, ಅದಕ್ಕೀಗ ವಯಸ್ಸಾಗೈತೆ, ಅದ್ರಿಂದ ಬಂಡೆ ಬಿಟ್ಟು ನಮ್ಮ ಕಡೆ ಮಣ್ಣಿನ ಗುಡ್ಡಕ್ಕೇ ಹೋಗ್ತೀವಿ. ಇಲ್ಲಿ ಕೆಂಪು ಮಣ್ಣು, ಹುಲ್ಲು, ಮರದ ನೆರಳು ಐತೆ, ಕಾಲಿಗೆ ಮೆತ್ತಗೆ. ಅರಣ್ಯ ಇಲಾಖೆ ಜಾಗಕ್ಕೆ ಕೇಳಿ ಹೋಗ್ಬೇಕು, ರಸ್ತೆಯಲ್ಲಿ ಅದಿರಿನ ಲಾರಿ ಜಾಸ್ತಿ, ಕಾರಿಂದ ಇಳಿಸೋವಾಗಲೇ ಹಗ್ಗ ಇರ್ಲಿ. ಊಟದ ವಿಚಾರ ಹೇಳ್ತೀನಿ. ಹತ್ತೋಕೆ ಎರಡು ಮೂರು ತಾಸು ಮುಂಚೆ ಸ್ವಲ್ಪ ಕೊಟ್ಟು ಮುಗಿಸ್ರಿ, ಹೊಟ್ಟೆ ತುಂಬ ತಿನ್ನಿಸಿ ಓಡಿಸಿದ್ರೆ ಹೊಟ್ಟೆ ಉಬ್ಬಿ ತಿರುಚ್ಕೊಂಡು ಜೀವಕ್ಕೇ ಬರುತ್ತೆ. ಮೇಲೆ ಬೇಯಿಸಿದ ಮೊಟ್ಟೆ, ರೊಟ್ಟಿ ತುಣುಕು ಸಾಕು. ನಿಮ್ಮ ಮಂಡಕ್ಕಿ ಒಗ್ಗರಣೆ ಕೊಡಬ್ಯಾಡ್ರಿ, ಉಳ್ಳಾಗಡ್ಡಿ ನಾಯಿಗೆ ವಿಷ, ಒಣದ್ರಾಕ್ಷಿನೂ ಹಂಗೇ. ಮತ್ತೆ ನಾಯಿ ಹಿಂದೆ ಸರಿದು ಕುಂತು ಕುಂಯ್ ಅಂತು ಅಂದ್ರೆ ಆ ಜಾಗಕ್ಕೆ ಜಗ್ಗಬ್ಯಾಡ್ರಿ. ಅದು ಹಟ ಅಲ್ಲ, ಅದಕ್ಕೆ ಕಾಣೋದು ನಮಗೆ ಕಾಣ್ತಿಲ್ಲ ಅಷ್ಟೇ. ಫೋಟೋಕ್ಕೋಸ್ಕರ ತುದಿಗಲ್ಲಿನ ಮೇಲೆ ಕೂರಿಸೋದು ನೋಡಿದ್ರೆ ನನಗೆ ಕರುಳು ಕಿತ್ತು ಬರ್ತದೆ.

ಸಿಂಧನೂರಿನಿಂದ (ಕೇಳಿದೋರು):

ಎಲ್ಲರಿಗೂ ಭಾಳ ಧನ್ಯವಾದ್ರಿ. ಮೂರು ಗುಡ್ಡದ ಮಾತು ಬಿಟ್ಟೀವಿ. ಹಾರ್ನೆಸ್ ಇವತ್ತ ಆರ್ಡರ್ ಮಾಡೀನಿ. ಇನ್ನ ಒಂದ ಪ್ರಶ್ನೆ, ಚಿರತಿ ಕರಡಿ ಭಯ ಎಷ್ಟದ ಅಲ್ಲಿ? ಮತ್ತ ಮಧ್ಯಾಹ್ನ ಹೊಳಿಯಾಗ ಕೆಂಚನ್ನ ಈಜಾಕ ಬಿಡಬಹುದಾ?

ಗಂಗಾವತಿಯಿಂದ:

ಭಯ ಐತ್ರಿ, ಮುಚ್ಚಿಡಂಗಿಲ್ಲ. 2020ರ ಕೊನಿಗೆ ಆನೆಗುಂದಿ ಸುತ್ತ ಚಿರತಿ ಕಾಟದಾಗ ಮನುಷ್ಯರ ಜೀವಾನೂ ಹೋಗೇತಿ. ಚಿರತಿಗೆ ನಾಯಿ ಅಂದ್ರ ಊಟ. ಕರಡಿ ಹಗಲೊತ್ತು ಬಂಡೆ ಸಂದಿ, ಗವಿಯಾಗ ಮಲಗಿ ಹೊತ್ತು ಇಳಿದ ಮ್ಯಾಲ ಹೊರಗ ಬರ್ತೈತಿ, ನಾಯಿ ಹೋಗಿ ಗವಿಯಾಗ ಮೂಗು ತೂರಿಸಿ ಬೊಗಳಿತು ಅಂದ್ರ ಅದು ನಾಯಿನ ಅಟ್ಟಿಸ್ಕೊಂಡು ನಿಮ್ಮ ಹತ್ರಾನ ಬರ್ತೈತಿ. ಅದಕ್ಕ ಗವಿ ಕಂಡಲ್ಲಿ ಹಗ್ಗ, ಸಂಜಿ ಐದರ ಮ್ಯಾಲ ಪೂರ್ತಿ ಹಗ್ಗ. ಒಳಗ ಹೋಗೂ ಮುಂಚೆ ಊರಾಗ ಚಾ ಅಂಗಡಿಯಾಗ ಕುಂತು ಕೇಳ್ರಿ, ಈ ವಾರ ಯಾವ ಕಡಿ ಏನು ಕಂಡೇತಿ ಅಂತ ಅವ್ರಿಗೆ ಗೊತ್ತಿರ್ತೈತಿ. ದರೋಜಿ ಕರಡಿಧಾಮ (1994ರಿಂದ ಐತಿ), ಈ ಕಡಿ ಬಂಕಾಪುರದ ತೋಳದ ಧಾಮ, ಎರಡೂ ಕಡಿ ನಾಯಿ ಒಯ್ಯೋ ವಿಚಾರನ ಮಾಡಬ್ಯಾಡ್ರಿ. ಸಾಕಿದ ನಾಯಿಯಿಂದ ತೋಳಕ್ಕ ರೋಗ ಹತ್ತಿದ್ರ ಉಳಿದಿರೋ ನಾಕು ತೋಳಾನೂ ಉಳಿಯಂಗಿಲ್ಲ. ಬಂಡೆ ಚಾಚಿನ ಕೆಳಗ ಹೆಜ್ಜೇನು ಕಟ್ಟಿರ್ತೈತಿ, ಅಲ್ಲಿ ಕೂಗಾಡೋದು, ಸಿಗರೇಟ್ ಹಚ್ಚೋದು ಬ್ಯಾಡ.

ಹೊಳಿಗೆ ಬಿಡಬ್ಯಾಡ್ರಿ. ತುಂಗಭದ್ರಾ ಮ್ಯಾಲ ಶಾಂತ ಕಂಡ್ರೂ ಬಂಡೆ ಸಂದ್ಯಾಗ ಸುಳಿ ಐತಿ, ಮೊಸಳಿನೂ ಅದಾವು. ಮುದ್ಲಾಪುರದಿಂದ ಕಂಪ್ಲಿತನಾ 34 ಕಿಲೋಮೀಟರ್ ಹೊಳಿ 2015ರಿಂದ ನೀರುನಾಯಿ ಸಂರಕ್ಷಿತ ಜಾಗ, ಅವು ಮರಿ ಹಾಕೋ ದಂಡಿ ಅದು, ನಮ್ಮ ನಾಯಿಗೆ ಅಲ್ಲಿ ಕೆಲಸ ಇಲ್ಲ. ತೋಟದ ಮೋಟಾರ್ ನೀರಾಗ ಕಾಲು ತೊಳಿಸ್ರಿ, ರೈತರಿಗೆ ಕೇಳಿದ್ರ ಇಲ್ಲ ಅನ್ನಂಗಿಲ್ಲ.

ಬರೋ ದಿನ ಬುಧವಾರ ಇಲ್ಲಾ ಗುರುವಾರ ಇಟ್ಕೋರಿ. ಮಂಗಳವಾರ, ಶನಿವಾರ ಅಂಜನಾದ್ರಿ ಭಕ್ತರು, ಭಾನುವಾರ ಊರಿಂದೂರ ಮಂದಿ, ರಸ್ತೆದಾಗ ಗಾಡಿ ನಿಲ್ಲಿಸಾಕ ಜಾಗ ಸಿಗಂಗಿಲ್ಲ. ಹಿಂದಿನ ದಿನ ಇಲ್ಲೇ ಒಂದು ಮಾತು ಹಾಕ್ರಿ, ನಾ ಖಾಲಿ ಇದ್ರ ರಾಣಿನ ಕರ್ಕೊಂಡು ಬರ್ತೀನಿ. ಆದ್ರ ಎರಡೂ ನಾಯಿ ಮೊದಲು ಕೆಳಗ ಬಯಲಾಗ ಅರ್ಧ ತಾಸು ಜೋಡಿಲೆ ನಡೀಲಿ, ಒಗ್ಗಿದ್ರ ಮಾತ್ರ ಮ್ಯಾಲ ಹೋಗೂಣು.